ಪಟ್ಟ ಒಂದೂರಿಗೆ, ದರ್ಬಾರು ಇನ್ನೊಂದೂರಿಗೆ

ಪಶ್ಚಿಮ ಆಫ್ರಿಕದ ಬೆನಿನ್ ದೇಶದ ರಾಜಧಾನಿ ಯಾವುದು? ‘ಪೋರ್ಟೊ ನೋವೊ’ ಎಂದವರಿಗೆ ರಸಪ್ರಶ್ನೆಯಲ್ಲಿ ಪೂರ್ತಿ ಅಂಕ. ಆದರೆ ಅಧ್ಯಕ್ಷರನ್ನು ಕಾಣಲು ಅಲ್ಲಿಗೆ ಹೋದವರು ಬಂದ ದಾರಿಗೆ ಸುಂಕವಿಲ್ಲವೆಂದು ಮರಳಬೇಕು! ಅಧ್ಯಕ್ಷರ ಕಚೇರಿ, ಸಚಿವಾಲಯಗಳು, ವಿಮಾನ ನಿಲ್ದಾಣ, ಬಂದರು ಎಲ್ಲ ಇರುವುದು ಸುಮಾರು 30 ಕಿ.ಮೀ. ದೂರದ ಕೊಟೊನೂನಲ್ಲಿ.

ಪೋರ್ಟೊ ನೋವೊ ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ‘ಹೊಸ ಬಂದರು’. ಗುಲಾಮರ ವ್ಯಾಪಾರದ ಕಾಲದಲ್ಲಿ ಹೊರಗಿನವರು ಇಟ್ಟ ಹೆಸರಿದು. ಗುನ್ ಜನರಿಗೆ ಅದು ಹೊಗ್ಬೊನು, ಯೊರುಬಾ ಜನರಿಗೆ ಅಜಾಶೆ. 1900ರಲ್ಲಿ ಫ್ರೆಂಚರು ಅದನ್ನು ದಹೋಮಿ ವಸಾಹತಿನ ರಾಜಧಾನಿ ಮಾಡಿದರು. ಆದರೆ ಈ ‘ಬಂದರು’ ಇರುವುದು ಕಡಲ ತೀರದಲ್ಲಲ್ಲ, ಹಿನ್ನೀರಿನ ದಂಡೆಯಲ್ಲಿ. ದೊಡ್ಡ ಹಡಗುಗಳು ಕಡಲಂಚಿನ ಕೊಟೊನೂಗೆ ಬಂದವು. ಹಡಗಿನ ಬೆನ್ನಿಗೆ ವ್ಯಾಪಾರ, ವ್ಯಾಪಾರದ ಬೆನ್ನಿಗೆ ಸರಕಾರ! ಅಲ್ಲಿನ ಫಾನ್ ಭಾಷೆಯಲ್ಲಿ ಕೊಟೊನೂ ಎಂದರೆ ‘ಸಾವಿನ ನದಿಯ ಬಾಯಿ’. ಬದುಕು ಅರಸಿ ಜನ ಸೇರಿದ್ದು ಆ ಬಾಯಿಗೇ.

1960ರಲ್ಲಿ ಸ್ವಾತಂತ್ರ್ಯ ಬಂತು. 1975ರಲ್ಲಿ ದಹೋಮಿ ಹೋಗಿ ಬೆನಿನ್ ಆಯಿತು. ದೇಶದ ಹೆಸರು ಬದಲಾದರೂ ಪೋರ್ಚುಗೀಸರಿತ್ತ ಊರಿನ ಹೆಸರು ಉಳಿಯಿತು. 1990ರ ಸಂವಿಧಾನವೂ ಪೋರ್ಟೊ ನೋವೊವನ್ನೇ ರಾಜಧಾನಿ ಎಂದಿತು. ಸಂಸತ್ತು ಸೇರುವುದು ಅಲ್ಲಿಯೇ. ಕಾನೂನು ಹುಟ್ಟುವುದು ಇಲ್ಲಿ, ನಡೆಯುವುದು ಅಲ್ಲಿ!