ಶಂಕೆಯ ಸ್ಥಾಯಿತ್ವ: ನವ್ಯ ಕಥಾಸಾಹಿತ್ಯವನ್ನು ಕುರಿತ ಒಂದು ವಿಚಾರ

ನವ್ಯರ ಕಾದಂಬರಿಗಳಲ್ಲಿ ನಿತ್ಯಜೀವನದ ಬವಣೆಯೂ ಅಭದ್ರತೆಯೂ ಅಲ್ಲದೆ ಬೇರೆ ವಸ್ತುವಿಲ್ಲ, ಆದುದರಿಂದ ಅವು ನೀರಸಗಳು, ಎಂಬ ಆಕ್ಷೇಪವು ಪಂಡಿತಗೋಷ್ಠಿಗಳಲ್ಲಿ ಕೇಳಿಬರುವುದುಂಟು. ನಮ್ಮ ಅಲಂಕಾರಶಾಸ್ತ್ರದ ದೃಷ್ಟಿಯಿಂದ ಈ ಆಕ್ಷೇಪವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಇಲ್ಲಿ ಪರಿಶೀಲಿಸುವೆವು.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ೮ ಸ್ಥಾಯಿಭಾವಗಳನ್ನೂ ೩೩ ವ್ಯಭಿಚಾರಿಭಾವಗಳನ್ನೂ ಎಣಿಸಿರುವನು. ಶಂಕೆ, ಚಿಂತೆ, ದೈನ್ಯ, ತ್ರಾಸ ಇವೆಲ್ಲ ಎರಡನೆಯ ವರ್ಗಕ್ಕೆ ಸೇರಿದವು, ಬಂದುಹೋಗತಕ್ಕವು. ಶಂಕೆಯ ಲಕ್ಷಣದಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಅದಕ್ಕೆ ಚೌರ್ಯ, ರಾಜಾಪರಾಧ, ಪಾಪಕರ್ಮ ಮೊದಲಾದ ಸ್ಪಷ್ಟವಾದ ವಿಭಾವಗಳಿರುವುವು, ಎಂಬುದು ಮೊದಲನೆಯದು. ಅದು ಸ್ತ್ರೀಪಾತ್ರಗಳಲ್ಲಿಯೂ ನೀಚಪಾತ್ರಗಳಲ್ಲಿಯೂ ಹುಟ್ಟತಕ್ಕದ್ದು, ಎಂಬುದು ಎರಡನೆಯದು. ಅಂದರೆ ಧೀರನಾದ ನಾಯಕನಿಗೆ ಅದು ಸಲ್ಲದು.

ನವ್ಯರು ಈ ಎರಡು ನಿಯಮಗಳನ್ನೂ ಮೀರಿದರು. ಪ್ರಾಗ್ ನಗರದ ಫ್ರಾಂಟ್ಸ್ ಕಾಫ್ಕನು (೧೮೮೩–೧೯೨೪) ೧೯೦೮ರಿಂದ ೧೯೨೨ರವರೆಗೆ ಕಾರ್ಮಿಕರ ಅಪಘಾತವಿಮಾ ಸಂಸ್ಥೆಯಲ್ಲಿ ಉದ್ಯೋಗಿಯಾಗಿದ್ದವನು. ಜರ್ಮನ್ ಭಾಷೆಯಲ್ಲಿ ಬರೆದವನು. ೧೯೧೫ರಲ್ಲಿ ಪ್ರಕಟವಾದ ಅವನ ‘ರೂಪಾಂತರ’ದ ನಾಯಕ ಗ್ರೆಗೊರ್ ಸಂಸನು ಬಟ್ಟೆಯ ವ್ಯಾಪಾರಕ್ಕಾಗಿ ಊರೂರು ತಿರುಗುವ ನೌಕರ. ಒಂದು ಬೆಳಗ್ಗೆ ಎಚ್ಚತ್ತಾಗ ಅವನ ದೇಹವು ಕೀಟವಾಗಿರುವುದು. ಆದರೆ ಅವನನ್ನು ಪೀಡಿಸುವುದು ದೇಹದ ವಿಕಾರಕ್ಕಿಂತ ಹೆಚ್ಚಾಗಿ ೫ ಗಂಟೆಯ ರೈಲು ತಪ್ಪಿತೆಂಬ ಕಳವಳ, ತಂದೆತಾಯಿಗಳು ಯಜಮಾನನಿಗೆ ತೀರಿಸಬೇಕಾದ ಸಾಲ. ಗ್ರಂಥಕರ್ತನ ಮರಣಾನಂತರ ೧೯೨೫ರಲ್ಲಿ ಪ್ರಕಟವಾದ ‘ವಿಚಾರಣೆ’ಯಲ್ಲಿ ಬ್ಯಾಂಕಿನ ಅಧಿಕಾರಿ ಯೋಸೆಫ್ ಕ. ಬಂಧಿತನಾಗುವನು, ಅಪರಾಧವೇನೆಂಬುದು ಕಡೆಯವರೆಗೂ ತಿಳಿಯದು. ವಿಭಾವವು ಅಜ್ಞಾತವಾದುದರಿಂದ ಶಂಕೆಗೆ ಪರಿಹಾರವಿಲ್ಲ; ಪರಿಹಾರವಿಲ್ಲದುದರಿಂದ ಅದು ತೊಲಗುವುದೂ ಇಲ್ಲ. ಹೀಗೆ ಬಂದುಹೋಗತಕ್ಕ ಭಾವವು ನೆಲೆನಿಂತಿತು.

ಹಾಗಾದರೆ ಇದನ್ನು ಸ್ಥಾಯಿಯೆನ್ನಬಹುದೆ? ಧನಂಜಯನ ದಶರೂಪಕದ ಪ್ರಕಾರ, ವಿರುದ್ಧವಾದ ಅಥವಾ ಅವಿರುದ್ಧವಾದ ಭಾವಗಳಿಂದ ವಿಚ್ಛಿನ್ನವಾಗದೆ, ಸಮುದ್ರದಂತೆ ಅವುಗಳನ್ನು ತನ್ನ ರೂಪಕ್ಕೆ ತಂದುಕೊಳ್ಳುವುದೇ ಸ್ಥಾಯಿ. ಈ ಒರೆಗಲ್ಲಿಗೆ ‘ರೂಪಾಂತರ’ವನ್ನು ಹಚ್ಚಿ ನೋಡೋಣ. ತಂಗಿಯನ್ನು ಸಂಗೀತಶಾಲೆಗೆ ಕಳುಹಿಸಬೇಕೆಂಬ ವಾತ್ಸಲ್ಯದ ಸಂಕಲ್ಪವು ಸಂಪಾದನೆಯ ಚಿಂತೆಯಲ್ಲಿ ಕರಗುವುದು. ತಂದೆಯ ಕ್ರೋಧವು ಮಗನ ತ್ರಾಸವನ್ನು ಬೆಳೆಯಿಸುವುದು. ಮೂವರು ಬಾಡಿಗೆದಾರರ ಹಾಸ್ಯಪ್ರಸಂಗವೂ ಮನೆಯ ಹಣದ ಮುಗ್ಗಟ್ಟನ್ನೇ ನೆನಪಿಸುವುದು. ಎಲ್ಲ ಭಾವಗಳೂ ಶಂಕೆಯಲ್ಲಿ ಬಂದು ಸೇರುವುವು.

ಇದು ಶಾಸ್ತ್ರವಿರುದ್ಧವೆಂದು ಹೆದರಬೇಕಾದುದಿಲ್ಲ. ಆಸ್ವಾದ್ಯವಾಗುವುದರಿಂದಲೇ ರಸವು ರಸವೆನಿಸುವುದು, ಆ ಆಸ್ವಾದ್ಯತೆಯು ನಿರ್ವೇದಾದಿಗಳಲ್ಲಿಯೂ ಇರುವುದರಿಂದ ಅವೂ ರಸಗಳೇ, ಎಂದು ರುದ್ರಟನು ಕಾವ್ಯಾಲಂಕಾರದಲ್ಲಿ ಬಹು ಹಿಂದೆಯೇ ಒಪ್ಪಿರುವನು.

ಕನ್ನಡದಲ್ಲಿ ಯಶವಂತ ಚಿತ್ತಾಲರ ‘ಶಿಕಾರಿ’ (೧೯೭೯) ಇದೇ ದಾರಿಯದು. ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪನು ತನ್ನ ಮೇಲಿನ ಆರೋಪವೇನೆಂದು ತಿಳಿಯದೆಯೇ ಅಮಾನತಿಗೆ ಗುರಿಯಾಗುವನು. ಅಲ್ಲಿಂದ ಮುಂದೆ ಸ್ನೇಹ, ಊರಿನ ನೆನಪು, ಎಲ್ಲವೂ ಸಂದೇಹದ ಬಣ್ಣವನ್ನು ತಾಳುವುವು.

ಹೀಗೆಂದಮಾತ್ರಕ್ಕೆ ಬಡತನ ನಿರುದ್ಯೋಗಗಳನ್ನು ಪಟ್ಟಿಮಾಡಿದ ಕೃತಿಗಳೆಲ್ಲವೂ ರಸವತ್ತಾದುವೆಂದು ನಾವು ಹೇಳುವುದಿಲ್ಲ. ಕಷ್ಟವನ್ನು ಹೆಸರಿಸಿದರೆ ರಸವಾಗದು. ಶಂಕೆಯು ಇತರ ಭಾವಗಳನ್ನು ತನ್ನೊಳಗೆ ಮಾಡಿಕೊಂಡಿದೆಯೆ, ಅಥವಾ ಅಂಟಿಸಿದಂತೆ ಹೊರಗೇ ಉಳಿದಿದೆಯೆ, ಎಂಬುದನ್ನು ಅಧ್ಯಾಪಕರು ವಿದ್ಯಾರ್ಥಿಗಳೊಡನೆ ಪ್ರತಿ ಕೃತಿಯಲ್ಲಿಯೂ ಪರೀಕ್ಷಿಸಬೇಕು. ವಸ್ತುವು ಅಲ್ಪವೆಂಬ ಕಾರಣದಿಂದ ಓದದೆಯೇ ತಳ್ಳಿಬಿಡುವುದು ಸಹೃದಯರಿಗೆ ಯುಕ್ತವಲ್ಲ.