ಹೆಚ್ಚು ಬಾಳಿಕೆ ಬರುವ ಹಿಂದಿನ ಟೈರ್: ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ, ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆ

ಕಳೆದ ಮಳೆಗಾಲದಲ್ಲಿ ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವಾಗ ನನ್ನ ಗಾಡಿ ಜಾರಿತು. ವೇಗ ನಲವತ್ತೂ ಇರಲಿಲ್ಲ. ಜಿಟಿಜಿಟಿ ಮಳೆ, ಹೊಲದಿಂದ ಬಂದ ಟ್ರ್ಯಾಕ್ಟರ್ ರಸ್ತೆ ಮೇಲೆ ಬಿಟ್ಟುಹೋದ ಎರೆಮಣ್ಣು. ಬ್ರೇಕ್ ಹಿಡಿದೆ, ಹಿಂದಿನ ಗಾಲಿ ಪಕ್ಕಕ್ಕೆ ಹೋಯಿತು. ನನಗೆ ತರಚು ಗಾಯ. ಹಿಂದೆ ಕೂತಿದ್ದ ತಮ್ಮನ ಹೆಗಲ ಎಲುಬು ಮುರಿಯಿತು.

ಟೈರ್ ಸವೆದಿತ್ತಾ? ಇಲ್ಲ. ಹಾಕಿಸಿ ಮೂರೇ ತಿಂಗಳಾಗಿತ್ತು. ‘ಇದು ಭಾಳ ದಿನ ಬರ್ತೈತ್ರಿ, ನೀವು ಗಾಡಿ ಮಾರಿದ್ರೂ ಟೈರ್ ಹಂಗ ಇರ್ತೈತಿ’ ಅಂತ ಹೇಳಿ ಕೊಟ್ಟಿದ್ದರು. ನನಗೂ ಬೇಕಾಗಿದ್ದು ಅದೇ. ಕೆಲಸಕ್ಕಾಗಿ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸುತ್ತುತ್ತೇನೆ. ರಜೆ ಸಿಕ್ಕರೆ ಅದೇ 350 ಸಿಸಿ ಗಾಡಿಯಲ್ಲಿ ದೂರದ ಊರುಗಳಿಗೆ ಹೋಗುತ್ತೇನೆ. ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ಓಡಿಸುವವನಿಗೆ ಟೈರ್ ಖರ್ಚು ಸಣ್ಣದಲ್ಲ. ಆದರೆ ‘ಎಷ್ಟು ದಿನ ಬರುತ್ತದೆ’ ಅಂತಷ್ಟೇ ಕೇಳಿದ್ದೆ. ‘ಮಳೆಯಲ್ಲಿ ಹೇಗೆ ನಿಲ್ಲುತ್ತದೆ’ ಅಂತ ಕೇಳಿರಲಿಲ್ಲ.

ಹಿಂದಿನದೇ ಯಾಕೆ ಬೇಗ ಸವೆಯುತ್ತದೆ?

ಎಂಜಿನ್ನಿನ ಶಕ್ತಿಯೆಲ್ಲ ನೆಲಕ್ಕೆ ಇಳಿಯುವುದು ಹಿಂದಿನ ಗಾಲಿಯಿಂದ. ಹಿಂಬದಿ ಸವಾರ, ಬ್ಯಾಗು, ಎಲ್ಲರ ಭಾರದ ಹೆಚ್ಚು ಪಾಲು ಬೀಳುವುದೂ ಅದರ ಮೇಲೇ. ಸವದತ್ತಿಯಿಂದ ರಾಮದುರ್ಗದ ಕಡೆಗಿನಂಥ ನೇರ ರಸ್ತೆಗಳಲ್ಲಿ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ. ನಡು ಚಪ್ಪಟೆಯಾಗುತ್ತದೆ, ಅಂಚು ಹೊಸದರಂತೆ ಉಳಿಯುತ್ತದೆ. ಹಾಗೆ ಚಪ್ಪಟೆಯಾದ ಟೈರ್ ತಿರುವಿನಲ್ಲಿ ಸಲೀಸಾಗಿ ವಾಲುವುದಿಲ್ಲ.

ಬಾಳಿಕೆ ಹೆಚ್ಚಿಸುವ ಸುಲಭದ ದಾರಿ ಗಟ್ಟಿ ರಬ್ಬರ್. ಗಟ್ಟಿ ರಬ್ಬರ್ ನಿಧಾನ ಸವೆಯುತ್ತದೆ, ನಿಜ. ಆದರೆ ಒದ್ದೆ ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ಅದು ಮೆತ್ತಗೆ ಅಂಟಿಕೊಳ್ಳುವುದಿಲ್ಲ. ಒಳ್ಳೆಯ ಕಂಪನಿಗಳು ರಬ್ಬರಿಗೆ ಸಿಲಿಕಾ ಬೆರೆಸಿ ಈ ಕೊರತೆಯನ್ನು ಸ್ವಲ್ಪ ತುಂಬುತ್ತವೆ. ಇನ್ನು ಕೆಲವು ಟೈರ್‌ಗಳಲ್ಲಿ ನಡುವೆ ಗಟ್ಟಿ ರಬ್ಬರ್, ಎರಡೂ ಅಂಚಿಗೆ ಮೆದು ರಬ್ಬರ್ ಇರುತ್ತದೆ. ಇದಕ್ಕೆ ಡ್ಯುಯಲ್ ಕಾಂಪೌಂಡ್ ಅನ್ನುತ್ತಾರೆ. ನೇರ ರಸ್ತೆಯಲ್ಲಿ ಹೆಚ್ಚು ಓಡುವ ನಮ್ಮಂಥವರಿಗೆ ಇದು ಸರಿಯಾದ ರಾಜಿ. ದೊಡ್ಡ ದೊಡ್ಡ ಗಡ್ಡೆಗಳಿರುವ ಆಫ್‌ರೋಡ್ ಟೈರ್ ನೋಡಲು ಚಂದ, ಆದರೆ ಡಾಂಬರಿನ ಮೇಲೆ ಬೇಗ ಕರಗುತ್ತದೆ.

ನಮ್ಮ ನಾಲ್ಕು ತಾಲೂಕುಗಳನ್ನೇ ನೋಡಿ. ಕಿತ್ತೂರು ಘಟ್ಟದ ಸೆರಗಿಗೆ ಹತ್ತಿರ, ಮಳೆ ಹೆಚ್ಚು. ಪೂರ್ವಕ್ಕೆ ಹೋದಂತೆ ಮಳೆ ಕಡಿಮೆ, ಬಿಸಿಲು ಹೆಚ್ಚು. ರಾಮದುರ್ಗದ ಸುತ್ತಲೇ ಓಡಾಡುವವರು ಬಾಳಿಕೆಗೆ ಒತ್ತು ಕೊಡಬಹುದು. ವಾರಕ್ಕೆರಡು ಸಲ ಕಿತ್ತೂರು, ಖಾನಾಪುರದ ಕಡೆ ಹೋಗುವವರು ಮಳೆಯ ಹಿಡಿತವನ್ನೇ ಮೊದಲು ನೋಡಬೇಕು. ಕಬ್ಬು ಕಟಾವಿನ ಹೊತ್ತಿನಲ್ಲಿ ರಸ್ತೆಗೆ ಬೀಳುವ ರವದಿ, ಮಣ್ಣು ಎಲ್ಲರಿಗೂ ಸಮಾನ.

ಪಕ್ಕದ ಗೋಡೆ ಓದಿ

ಟೈರಿನ ಪಕ್ಕದಲ್ಲಿ ‘120/80-18 62ಪಿ’ ಎಂಬಂಥ ಬರಹ ಇರುತ್ತದೆ. 120 ಎಂದರೆ ಮಿಲಿಮೀಟರಿನಲ್ಲಿ ಅಗಲ. 80 ಎಂದರೆ ಅಗಲದ ಶೇ. 80ರಷ್ಟು ಎತ್ತರ. 18 ಇಂಚು ರಿಮ್. 62 ಭಾರದ ಸೂಚ್ಯಂಕ, ಅಂದರೆ 265 ಕೆಜಿ. ‘ಪಿ’ ಎಂದರೆ ಗಂಟೆಗೆ 150 ಕಿ.ಮೀ. ವೇಗದ ಮಿತಿ. ಅಳತೆ ಗಾಡಿಯ ಕೈಪಿಡಿಯಲ್ಲಿ ಇದ್ದಂತೆಯೇ ಇರಲಿ. ಭಾರ ಮತ್ತು ವೇಗದ ಗುರುತು ಅದಕ್ಕಿಂತ ಕಡಿಮೆ ಇರಬಾರದು. ಐಎಸ್ಐ ಗುರುತು ಕಡ್ಡಾಯ.

ಎಲ್ಲಕ್ಕಿಂತ ಮುಖ್ಯ, ನಾಲ್ಕು ಅಂಕಿಯ ತಯಾರಿಕೆಯ ಗುರುತು. ‘2324’ ಅಂದರೆ 2024ರ 23ನೇ ವಾರ. ನಾನು ಬಿದ್ದ ಮೇಲೆ ನೋಡಿದಾಗ, ನನ್ನ ‘ಹೊಸ’ ಟೈರ್ ಹುಟ್ಟಿ ಐದು ವರ್ಷ ಆಗಿತ್ತು! ಅಂಗಡಿಯಲ್ಲೇ ಕೂತು ಕೂತು ರಬ್ಬರ್ ಇನ್ನಷ್ಟು ಬಿರುಸಾಗಿತ್ತು. ತಪ್ಪೆಲ್ಲ ಟೈರಿನದೇ ಅನ್ನಲಾರೆ, ಮಣ್ಣು ಕಂಡೂ ಜೋರಾಗಿ ಬ್ರೇಕ್ ಹಿಡಿದವನು ನಾನೇ. ಆದರೆ ಆ ನಾಲ್ಕು ಅಂಕಿ ಓದಲು ಬಂದಿದ್ದರೆ ಅದನ್ನು ಕೊಳ್ಳುತ್ತಿರಲಿಲ್ಲ.

ಲೆಕ್ಕ ಹಾಕೋಣ

3,000 ರೂಪಾಯಿಯ ಟೈರ್ 10,000 ಕಿ.ಮೀ. ಬಂತು ಅಂದುಕೊಳ್ಳಿ. ಕಿಲೋಮೀಟರಿಗೆ 30 ಪೈಸೆ. 4,200 ರೂಪಾಯಿಯದು 15,000 ಕಿ.ಮೀ. ಬಂದರೆ 28 ಪೈಸೆ. ತಿಂಗಳಿಗೆ ಎರಡು ಸಾವಿರ ಕಿ.ಮೀ. ಓಡಿಸಿದರೂ ಉಳಿಯುವುದು 40 ರೂಪಾಯಿ. ಎರಡೂ ಮಳೆಯಲ್ಲಿ ಒಂದೇ ಥರ ನಿಲ್ಲುವುದಾದರೆ ದುಬಾರಿಯದನ್ನೇ ತಗೊಳ್ಳಿ. ಇಲ್ಲಾಂದ್ರೆ ಆ 40 ರೂಪಾಯಿಗಾಗಿ ಹಿಡಿತ ಬಿಟ್ಟುಕೊಡಬೇಡಿ.

ನಿಜವಾದ ಉಳಿತಾಯ ಹವಾದಲ್ಲಿದೆ. ಹವಾ ಕಡಿಮೆ ಇದ್ದರೆ ಟೈರ್ ಬಾಗಿ ಬಾಗಿ ಕಾಯುತ್ತದೆ, ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಹೆಚ್ಚಿದ್ದರೆ ನಡುಭಾಗ ಸವೆಯುತ್ತದೆ, ಹಿಡಿತವೂ ಕಡಿಮೆ. ವಾರಕ್ಕೊಮ್ಮೆ, ಗಾಡಿ ಓಡಿಸುವ ಮುಂಚೆ, ಟೈರ್ ತಣ್ಣಗಿದ್ದಾಗ ನೋಡಿ. ಯಲ್ಲಮ್ಮನ ಗುಡ್ಡಕ್ಕೆ ಇಬ್ಬರು ಬುತ್ತಿಗಂಟು ಕಟ್ಟಿಕೊಂಡು ಹೊರಟರೆ, ಕೈಪಿಡಿಯಲ್ಲಿ ಇಬ್ಬರಿಗೆ ಹೇಳಿದ ಒತ್ತಡವನ್ನೇ ಹಾಕಿಸಿ. ಹೊಸ ಟೈರ್ ಮೊದಲ ನೂರಿನ್ನೂರು ಕಿಲೋಮೀಟರ್ ನುಣುಪಾಗಿರುತ್ತದೆ, ಹುಷಾರು.

ಯಾವಾಗ ಬದಲಿಸಬೇಕು? ಗೆರೆಗಳ ನಡುವೆ ಸಣ್ಣ ರಬ್ಬರ್ ಗುಬುಟುಗಳಿರುತ್ತವೆ. ಅವು ಎಲ್ಲಿವೆ ಎನ್ನಲು ಪಕ್ಕದಲ್ಲಿ ‘ಟಿಡಬ್ಲ್ಯುಐ’ ಅಂತ ಬರೆದಿರುತ್ತದೆ. ಟೈರ್ ಸವೆದು ಆ ಗುಬುಟಿಗೆ ಸಮ ಆಯಿತೆಂದರೆ ಅದರ ಆಯುಷ್ಯ ಮುಗಿಯಿತು.

ಇದು ನಮ್ಮೊಬ್ಬರ ಹಣೆಬರಹವಾ?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಅದೇ 2022ರ ಜೂನ್‌ನಲ್ಲಿ ಸಚಿವಾಲಯ ಟೈರ್‌ಗಳ ಒದ್ದೆ ರಸ್ತೆಯ ಹಿಡಿತಕ್ಕೆ ಕಡ್ಡಾಯ ಮಾನದಂಡ ಹೊರಡಿಸಿತು. ಯಾರಿಗೆ? ಕಾರು, ಸಣ್ಣ ಸರಕು ವಾಹನ, ಲಾರಿ-ಬಸ್ಸುಗಳ ಟೈರಿಗೆ. ಅತಿ ಹೆಚ್ಚು ಸಾಯುತ್ತಿರುವ ಬೈಕ್ ಸವಾರರ ಟೈರ್ ಆ ಪಟ್ಟಿಯಲ್ಲಿ ಇರಲಿಲ್ಲ.

2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಒಳ್ಳೆಯದು. ಆದರೆ ಬೆಲೆ ಇಳಿದರೆ ಸಾಲದು. ಹಿಟ್ಟಿನ ಪೊಟ್ಟಣದ ಮೇಲೆ ತಯಾರಾದ ತಿಂಗಳು ಓದುವಂತೆ ಬರೆದಿರುತ್ತದೆ. ಜೀವ ಹೊತ್ತು ಓಡುವ ಟೈರಿನ ಮೇಲೆ ಅದು ಗುಪ್ತಲಿಪಿಯಂತೆ ಯಾಕಿರಬೇಕು? ಬೈಕ್ ಟೈರಿಗೂ ಒದ್ದೆ ರಸ್ತೆಯ ಪರೀಕ್ಷೆ ಕಡ್ಡಾಯವಾಗಲಿ. ಅದರ ಫಲಿತಾಂಶ, ತಯಾರಾದ ತಿಂಗಳು ಎರಡೂ ಕನ್ನಡದಲ್ಲಿ ಅಂಗಡಿಯಲ್ಲೇ ಕಾಣುವಂತಿರಲಿ. ಕಾಲೇಜಿಗೆ, ಡೆಲಿವರಿಗೆ, ಸಂತೆಗೆ ಬೈಕಿನಲ್ಲೇ ಓಡಾಡುವ ನಾವು ಇದನ್ನು ಗಟ್ಟಿಯಾಗಿ ಕೇಳಬೇಕು.

ಅಲ್ಲಿಯವರೆಗೆ, ದುಡ್ಡು ಕೊಡುವ ಮುಂಚೆ ಟೈರ್ ತಿರುಗಿಸಿ ಆ ನಾಲ್ಕು ಅಂಕಿ ಓದಿ. ನನ್ನ ತಮ್ಮ ಈಗ ಗಾಡಿ ಹತ್ತುವ ಮುಂಚೆ ಕೇಳುವುದು ಒಂದೇ ಮಾತು: ‘ಅಣ್ಣಾ, ಹವಾ ನೋಡಿಯೇನು?’