ತುಳಿದು ನಡೆಸುವ ದೋಣಿಗಳು: ನಿರ್ವಹಣೆ ಹಾಗೂ ನಡುನೀರಿನ ಮುಂಜಾಗ್ರತೆ

ಹುಬ್ಬಳ್ಳಿ-ಧಾರವಾಡ ರಸ್ತೆಯ ಮಗ್ಗುಲಲ್ಲಿ ಸುಮಾರು 200 ಎಕರೆಯಷ್ಟು ಹರಡಿರುವ ಉಣಕಲ್ ಕೆರೆಯು ಶತಮಾನವನ್ನು ಮೀರಿದ ಇತಿಹಾಸವುಳ್ಳದ್ದು. ಅವಳಿನಗರದ ಜನತೆಗೆ ದೋಣಿವಿಹಾರವೆಂದೊಡನೆ ನೆನಪಾಗುವುದು ಈ ಕೆರೆಯೇ. ಧಾರವಾಡದಿಂದ ಸುಮಾರು 55 ಕಿಲೋಮೀಟರ್ ದೂರದ ದಾಂಡೇಲಿ ಹಾಗೂ ಅದರಾಚೆಯ ಗಣೇಶಗುಡಿಯಲ್ಲಿ ಕಾಳಿ ನದಿಯ ಜಲಕ್ರೀಡೆಗಳು ಪ್ರವಾಸೋದ್ಯಮದ ಆಧಾರವಾಗಿ ಬೆಳೆದಿವೆ. ಎರಡು ಅಥವಾ ನಾಲ್ಕು ಆಸನಗಳ ಫೈಬರ್ ಪೆಡಲ್ ದೋಣಿಯಿಂದ ಹಿಡಿದು ಕಾಲಿನಿಂದ ನಡೆಸುವ ಕಯಾಕ್‌ವರೆಗೆ ಈ ಸಾಧನಗಳಿಗೆ ಎಂಜಿನ್ ಇಲ್ಲ, ಇಂಧನದ ವೆಚ್ಚವಿಲ್ಲ. ಆದ ಕಾರಣ ಇವುಗಳಿಗೆ ವಿಶೇಷ ನಿರ್ವಹಣೆಯೂ ಬೇಕಿಲ್ಲವೆಂಬ ಭಾವನೆ ವ್ಯಾಪಕವಾಗಿದೆ. ಈ ಭಾವನೆಯೇ ಹಲವು ತೊಂದರೆಗಳಿಗೆ ಮೂಲ.

ರಸ್ತೆಯಲ್ಲಿ ಸೈಕಲ್ಲಿನ ಚೈನು ಕಳಚಿದರೆ ಸವಾರನು ಇಳಿದು ತಳ್ಳಿಕೊಂಡು ಹೋಗಬಹುದು. ನಡುನೀರಿನಲ್ಲಿ ಅದೇ ಚೈನು ಕಳಚಿದರೆ ದೋಣಿಯು ಗಾಳಿಯ ವಶವಾಗುತ್ತದೆ. ಆದ್ದರಿಂದ ಈ ದೋಣಿಗಳ ಮಾಲೀಕರು ಎರಡು ಪ್ರಶ್ನೆಗಳಿಗೆ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಬೇಕಾಗುತ್ತದೆ: ಕೆಡದಂತೆ ನೋಡಿಕೊಳ್ಳುವುದು ಹೇಗೆ? ಕೆಟ್ಟಾಗ ದಡ ಸೇರುವುದು ಹೇಗೆ? ಮೊದಲನೆಯದಕ್ಕೆ ಎಷ್ಟೇ ಸಮರ್ಪಕ ಉತ್ತರವಿದ್ದರೂ ಎರಡನೆಯದನ್ನು ಕೈಬಿಡುವಂತಿಲ್ಲ.

ಯಂತ್ರದ ರಚನೆ

ಕೆರೆಗಳಲ್ಲಿ ಬಳಕೆಯಲ್ಲಿರುವ ಪೆಡಲ್ ದೋಣಿಗಳ ರಚನೆ ಸರಳ. ಬಾಗಿಸಿದ ಉಕ್ಕಿನ ಅಚ್ಚಿಗೆ ಪೆಡಲುಗಳಿರುತ್ತವೆ. ಅದೇ ಅಚ್ಚು ನೇರವಾಗಿಯಾಗಲಿ, ಚೈನಿನ ಮೂಲಕವಾಗಲಿ ಹಲಗೆಗಳುಳ್ಳ ಚಕ್ರವನ್ನು ತಿರುಗಿಸುತ್ತದೆ. ನಡುವಿನ ಹಿಡಿಕೆಯಿಂದ ಸರಳು ಅಥವಾ ತಂತಿಯ ಮೂಲಕ ಹಿಂಬದಿಯ ಚುಕ್ಕಾಣಿ ತಿರುಗುತ್ತದೆ.

ಪೆಡಲ್ ಕಯಾಕ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಅಮೆರಿಕದ ಹೋಬಿ ಸಂಸ್ಥೆಯು 1997ರಲ್ಲಿ ಹೊರತಂದ ಮಿರಾಜ್ ಡ್ರೈವ್‌ನಲ್ಲಿ ದೋಣಿಯ ಅಡಿಯಲ್ಲಿ ಎರಡು ರೆಕ್ಕೆಗಳು ಪೆಂಗ್ವಿನ್ ಹಕ್ಕಿಯ ರೆಕ್ಕೆಗಳಂತೆ ಅತ್ತಿತ್ತ ಬೀಸುತ್ತವೆ. ಇನ್ನೊಂದು ಬಗೆಯಲ್ಲಿ ಸೈಕಲ್ಲಿನಂತೆ ಪೆಡಲು ತಿರುಗಿಸಿದರೆ ಗೇರುಗಳ ಮೂಲಕ ಪ್ರೊಪೆಲ್ಲರ್ ತಿರುಗುತ್ತದೆ. ಎರಡೂ ಬಗೆಗಳಲ್ಲಿ ಚಾಲನಾ ಯಂತ್ರವನ್ನು ದೋಣಿಯಿಂದ ಮೇಲೆತ್ತಿ ತೆಗೆಯಲು ಸಾಧ್ಯವಿರುವುದು ನಿರ್ವಹಣೆಯ ದೃಷ್ಟಿಯಿಂದ ದೊಡ್ಡ ಅನುಕೂಲ.

ಸವೆತ, ತುಕ್ಕು ಮತ್ತು ಸೋರಿಕೆ

ಮೊದಲು ಸವೆಯುವ ಭಾಗಗಳೆಂದರೆ ಬುಶ್, ಬೇರಿಂಗ್ ಮತ್ತು ಚೈನು. ಅಚ್ಚನ್ನು ಕೈಯಿಂದ ಮೇಲೆ ಕೆಳಗೆ ಅಲುಗಿಸಿದಾಗ ಸಡಿಲ ಕಂಡುಬಂದರೆ ಬುಶ್ ಬದಲಿಸುವ ಕಾಲ ಬಂದಿದೆಯೆಂದೇ ತಿಳಿಯಬೇಕು. ಸೈಕಲ್ ಚೈನಿನ ಒಂದು ಕೊಂಡಿಯ ಅಳತೆ ಅರ್ಧ ಅಂಗುಲ. ಹೊಸ ಚೈನಿನ 24 ಕೊಂಡಿಗಳು ಸರಿಯಾಗಿ 12 ಅಂಗುಲ ತೂಗುತ್ತವೆ. ಈ ಅಳತೆ ಹನ್ನೆರಡೂ ಎಂಟನೆಯ ಒಂದಂಶ ಅಂಗುಲಕ್ಕೆ ಮುಟ್ಟಿದರೆ ಚೈನು ಶೇಕಡಾ ಒಂದರಷ್ಟು ಹಿಗ್ಗಿದೆ ಎಂದರ್ಥ. ಆಗಲೂ ಬದಲಿಸದಿದ್ದರೆ ಅದು ಹಲ್ಲುಚಕ್ರವನ್ನೂ ತಿಂದುಹಾಕುತ್ತದೆ. ಸಾಧಾರಣ ಅಳತೆಪಟ್ಟಿಯಿಂದ ಮಾಡಬಹುದಾದ ಈ ಪರೀಕ್ಷೆಯು ದೊಡ್ಡ ವೆಚ್ಚವನ್ನು ತಪ್ಪಿಸುತ್ತದೆ.

ಎಡಗಡೆಯ ಸೈಕಲ್ ಪೆಡಲಿನ ಮರೆ ಎಡಮುಖವಾಗಿರುತ್ತದೆಂಬುದನ್ನು ಹೊಸ ಕೆಲಸಗಾರರಿಗೆ ತಿಳಿಸಿಕೊಡಬೇಕು. ಇದನ್ನರಿಯದೆ ತಪ್ಪು ದಿಕ್ಕಿನಲ್ಲಿ ಬಲಪ್ರಯೋಗ ಮಾಡಿ ಮರೆ ಕೆಡಿಸುವುದುಂಟು.

ಗ್ರೀಸಿನ ಆಯ್ಕೆಯಲ್ಲಿಯೂ ವಿವೇಚನೆ ಅಗತ್ಯ. ಸೋಡಿಯಂ ಆಧಾರಿತ ಗ್ರೀಸ್ ನೀರಿನೊಡನೆ ಬೆರೆತು ಹಾಲಿನಂತಾಗಿ ಹರಿದುಹೋಗುತ್ತದೆ. ಕ್ಯಾಲ್ಸಿಯಂ ಆಧಾರಿತ ಗ್ರೀಸ್ ನೀರನ್ನು ತಡೆದು ನಿಲ್ಲುತ್ತದೆ. ಸಿಹಿನೀರಿನ ಕೆರೆಗಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು. ಆದರೆ ಕಾರವಾರದ ಅಳಿವೆಯಂತಹ ಉಪ್ಪುನೀರಿಗೆ ಮಾಲಿಬ್ಡಿನಂ ಸೇರಿದ 316 ದರ್ಜೆಯೇ ಸೂಕ್ತ. ಅಲ್ಯುಮಿನಿಯಂ ಚೌಕಟ್ಟಿಗೆ ಉಕ್ಕಿನ ಬೋಲ್ಟು ಜೋಡಿಸುವಾಗ ನಡುವೆ ನೈಲಾನ್ ವಾಷರ್ ಇಡದಿದ್ದರೆ ಉಪ್ಪುನೀರಿನಲ್ಲಿ ಅಲ್ಯುಮಿನಿಯಂ ಬೇಗನೆ ಕರಗತೊಡಗುತ್ತದೆ. ಉಪ್ಪುನೀರಿನಲ್ಲಿ ಬಳಸಿದ ಯಂತ್ರವನ್ನು ಅದೇ ದಿನ ಸಿಹಿನೀರಿನಿಂದ ತೊಳೆಯುವುದು ಕಡ್ಡಾಯವಾಗಬೇಕು.

ದೋಣಿಯ ಮೈಯನ್ನೂ ಅಲಕ್ಷಿಸುವಂತಿಲ್ಲ. ಫೈಬರ್ ಗ್ಲಾಸ್ ದೋಣಿಯ ಬಿರುಕನ್ನು ಉಜ್ಜಿ, ಒಣಗಿಸಿ, ರಾಳ ಮತ್ತು ಗಾಜಿನ ನಾರಿನ ಹಾಸಿನಿಂದ ಮುಚ್ಚಬಹುದು. ಪಾಲಿಎಥಿಲೀನ್ ಕಯಾಕ್‌ಗೆ ಸಾಮಾನ್ಯ ಅಂಟುಗಳು ಹಿಡಿಯುವುದಿಲ್ಲ. ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಕಾಯಿಸಿ ಬೆಸೆಯಬೇಕಾಗುತ್ತದೆ. ಒಂದು ದೋಣಿಯು ಉಳಿದವುಗಳಿಗಿಂತ ತಗ್ಗಾಗಿ ತೇಲುತ್ತಿದ್ದರೆ ಒಳಗೆ ನೀರು ಸೇರಿದೆಯೆಂದು ತಿಳಿದು ಅದನ್ನು ತಕ್ಷಣ ದಡಕ್ಕೆ ತರುವುದು ಕ್ಷೇಮ.

ದುರ್ಬಲ ಕೊಂಡಿಯ ಜಾಣತನ

ಹೋಬಿ ಕಯಾಕ್‌ಗಳ ಚುಕ್ಕಾಣಿಯನ್ನು ಒಂದು ಚಿಕ್ಕ ಪ್ಲಾಸ್ಟಿಕ್ ಪಿನ್ನು ಹಿಡಿದಿಟ್ಟಿರುತ್ತದೆ. ಚುಕ್ಕಾಣಿಯು ಬಂಡೆಗೆ ಬಲವಾಗಿ ತಗುಲಿದಾಗ ಆ ಪಿನ್ನು ತುಂಡಾಗಿ ಚುಕ್ಕಾಣಿಯನ್ನು ಉಳಿಸುತ್ತದೆ. ಅಗ್ಗದ, ಸುಲಭವಾಗಿ ಬದಲಿಸಬಹುದಾದ ಭಾಗವನ್ನು ಉದ್ದೇಶಪೂರ್ವಕವಾಗಿಯೇ ದುರ್ಬಲವಾಗಿಟ್ಟು ದುಬಾರಿ ಭಾಗವನ್ನು ರಕ್ಷಿಸುವ ಈ ತತ್ತ್ವ ಸಣ್ಣ ತಯಾರಕರಿಗೆ ಹೊಸದೇನಲ್ಲ. ಆದರೆ ಇದಕ್ಕೆ ಒಂದು ಷರತ್ತಿದೆ: ಬದಲಿ ಪಿನ್ನು ದೋಣಿಯಲ್ಲಿಯೇ ಇರಬೇಕು. ಪಿನ್ನು ಪದೇ ಪದೇ ಮುರಿಯುತ್ತದೆಂದು ಬೇಸತ್ತು ಆ ಜಾಗದಲ್ಲಿ ಉಕ್ಕಿನ ಮೊಳೆ ತೂರಿಸಿದರೆ ಮುಂದಿನ ಪೆಟ್ಟಿಗೆ ಮುರಿಯುವುದು ಚುಕ್ಕಾಣಿಯೇ.

ನಡುನೀರಿನಲ್ಲಿ ಕೆಟ್ಟಾಗ

ನಮ್ಮ ಕೆರೆಗಳಲ್ಲಿ ಯಂತ್ರ ನಿಲ್ಲಲು ಕಳೆಯೂ ಒಂದು ಕಾರಣ. ಜಲಕಳೆ ಮತ್ತು ತೇಲುವ ಪ್ಲಾಸ್ಟಿಕ್ ಚೀಲಗಳು ಚಕ್ರಕ್ಕೆ ಅಥವಾ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತವೆ. ಆಗ ಬಲವಾಗಿ ತುಳಿಯದೆ ನಿಧಾನವಾಗಿ ಹಿಮ್ಮುಖ ತುಳಿದರೆ ಅನೇಕ ವೇಳೆ ಬಿಡಿಸಿಕೊಳ್ಳುತ್ತದೆ. ಕಯಾಕ್‌ನಲ್ಲಾದರೆ ಯಂತ್ರವನ್ನೇ ಮೇಲೆತ್ತಿ ಸ್ವಚ್ಛಗೊಳಿಸಬಹುದು. ಪೆಡಲ್ ದೋಣಿಯಲ್ಲಿ ಮಾತ್ರ ವಿಹಾರಿಗಳು ಬಗ್ಗಿ ಕೈಹಾಕುವುದನ್ನು ನಿಷೇಧಿಸಬೇಕು. ಎಲ್ಲರೂ ಒಂದೇ ಬದಿಗೆ ಬಾಗಿದರೆ ದೋಣಿ ಮಗುಚುವ ಅಪಾಯ ಯಂತ್ರ ನಿಂತ ತೊಂದರೆಗಿಂತ ದೊಡ್ಡದು.

ಎರಡನೆಯ ಶತ್ರು ಗಾಳಿ. ಏಪ್ರಿಲ್ ಮತ್ತು ಮೇ ತಿಂಗಳುಗಳ ಸಂಜೆಯಲ್ಲಿ ಮುಂಗಾರು ಪೂರ್ವದ ಗುಡುಗು ಮಳೆಯೊಡನೆ ಬಿರುಗಾಳಿ ಏಳುವುದು ಈ ಭಾಗದಲ್ಲಿ ಸಾಮಾನ್ಯ. ಬೇಸಿಗೆ ರಜೆಯ ಕಾರಣ ವಿಹಾರಿಗಳ ದಟ್ಟಣೆಯೂ ಅದೇ ವೇಳೆಗೆ ಹೆಚ್ಚು. ತಳ ಚಪ್ಪಟೆಯಾಗಿ ಮೇಲ್ಭಾಗ ಎತ್ತರವಾಗಿರುವ ಪೆಡಲ್ ದೋಣಿಯನ್ನು ಗಾಳಿ ಸುಲಭವಾಗಿ ತಳ್ಳಿಕೊಂಡು ಹೋಗುತ್ತದೆ. ಮೋಡ ಕಪ್ಪಾದೊಡನೆ ದೋಣಿಗಳನ್ನು ಹಿಂದಕ್ಕೆ ಕರೆಯುವ ಅಧಿಕಾರವು ಟಿಕೆಟ್ ಕಿಟಕಿಯಲ್ಲಿರುವವನಿಗಿಂತ ನೀರಿನ ಮೇಲೆ ಕಣ್ಣಿಟ್ಟಿರುವವನಿಗೆ ಇರುವುದು ಲೇಸು.

ಪ್ರತಿ ದೋಣಿಯಲ್ಲಿಯೂ ಇರಲೇಬೇಕಾದವು: ಒಂದು ಹುಟ್ಟು, ಹತ್ತು-ಹದಿನೈದು ಮೀಟರ್ ಉದ್ದದ ತೇಲುವ ಹಗ್ಗ, ಒಂದು ಸೀಟಿ ಮತ್ತು ಪ್ರತಿಯೊಬ್ಬನಿಗೂ ಮೈಗೆ ಹೊಂದುವ ಜೀವರಕ್ಷಕ ಕವಚ. ದೂರ ಹೋಗುವ ಕಯಾಕ್‌ನಲ್ಲಿ ಇವುಗಳ ಜೊತೆಗೆ ಬದಲಿ ಪಿನ್ನುಗಳು, ಎರಡು ಪಾನಾ, ಇಕ್ಕಳ, ಚೈನಿನ ಜೋಡುಕೊಂಡಿ, ಗಟ್ಟಿ ದಾರ ಹಾಗೂ ನೀರು ಹೋಗದ ಚೀಲದಲ್ಲಿ ಮೊಬೈಲ್ ಫೋನ್ ಇರಬೇಕು. ಪಾನಾ, ಇಕ್ಕಳಗಳನ್ನು ದಾರದಿಂದ ದೋಣಿಗೆ ಕಟ್ಟಿರಬೇಕು. ಕೈಜಾರಿದ ಪಾನಾ ನಡುನೀರಿನಲ್ಲಿ ಮರಳಿ ಸಿಗದು. ದೋಣಿ ಮಗುಚಿದರೂ ಅದು ತೇಲುತ್ತಿರುವವರೆಗೆ ಅದನ್ನು ಬಿಟ್ಟು ಈಜತೊಡಗಬಾರದೆಂಬ ಸೂಚನೆಯನ್ನು ಹತ್ತುವ ಮೊದಲೇ ಪ್ರತಿಯೊಬ್ಬರಿಗೂ ನೀಡಬೇಕು. ದಡದಲ್ಲಿ ಎಳೆದು ತರಲು ಸಿದ್ಧವಾಗಿರುವ ಒಂದು ದೋಣಿ ಇಲ್ಲದೆ ವಿಹಾರ ಆರಂಭಿಸುವುದು ಸಲ್ಲದು.

ಕಹಿ ಪಾಠಗಳು

2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಮೃತಪಟ್ಟರು; ಅವರಲ್ಲಿ ನೆರೆಯ ಹಾವೇರಿ ಜಿಲ್ಲೆಯವರೂ ಇದ್ದರು. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರ್ಣಿ ಕೆರೆಯಲ್ಲಿ ವಿಹಾರ ದೋಣಿ ಮಗುಚಿ 12 ವಿದ್ಯಾರ್ಥಿಗಳು ಹಾಗೂ ಇಬ್ಬರು ಶಿಕ್ಷಕಿಯರು ಪ್ರಾಣ ಕಳೆದುಕೊಂಡರು. ಇವು ಪೆಡಲ್ ದೋಣಿಗಳಲ್ಲವಾದರೂ ಮಿತಿಮೀರಿದ ಜನಭಾರ ಮತ್ತು ಜೀವರಕ್ಷಕ ಕವಚಗಳ ಕೊರತೆ ಯಾವ ದೋಣಿಗೂ ಒಂದೇ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ದೋಣಿ ಸುರಕ್ಷತೆಯ ಬಗ್ಗೆ 2017ರಲ್ಲಿಯೇ ಮಾರ್ಗಸೂಚಿಗಳನ್ನು ಪ್ರಕಟಿಸಿದೆ. 1917ರ ಕಾಯ್ದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ನೌಕೆಗಳ ಕಾಯ್ದೆಯು ಯಂತ್ರರಹಿತ ದೋಣಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಗುತ್ತಿಗೆ ಹಿಡಿಯುವವರು ಇವೆರಡನ್ನೂ ಓದಿಕೊಂಡಿರುವುದು ಒಳಿತು.

ಸ್ಥಳೀಯ ಉದ್ದಿಮೆಗೆ ಅವಕಾಶ

ಹತ್ತು ದೋಣಿಗಳಿರುವ ಕಡೆ ಭಾನುವಾರದಂದು ಎರಡು ಕೆಟ್ಟು ನಿಂತರೆ ಆ ದಿನದ ಗಳಿಕೆಯ ಐದನೆಯ ಒಂದು ಭಾಗ ಹೋದಂತೆ. ಅದು ಮರುದಿನ ಬರುವ ಗಳಿಕೆಯಲ್ಲ. ಬುಶ್, ಅಚ್ಚು, ಪಿನ್ನು, ಚುಕ್ಕಾಣಿಯ ಸರಳು ಇವಾವುವೂ ದೂರದಿಂದ ತರಿಸಬೇಕಾದ ಸಾಮಗ್ರಿಗಳಲ್ಲ. ಗೋಕುಲ ರಸ್ತೆ, ತಾರಿಹಾಳ, ರಾಯಾಪುರ ಹಾಗೂ ಬೇಲೂರಿನ ಲೇತ್ ಕಾರ್ಯಾಗಾರಗಳು ಮಾದರಿ ನೋಡಿ ತಯಾರಿಸಬಲ್ಲವು. ಚೈನು, ಪೆಡಲು, ಬೇರಿಂಗುಗಳು ಸೈಕಲ್ ಅಂಗಡಿಗಳಲ್ಲಿಯೇ ದೊರೆಯುತ್ತವೆ. ಆದರೆ ಒಂದೊಂದು ದೋಣಿಯ ಅಚ್ಚಿಗೆ ಒಂದೊಂದು ಅಳತೆಯಿದ್ದರೆ ಬಿಡಿಭಾಗಗಳ ದಾಸ್ತಾನು ಅಸಾಧ್ಯ. ಖರೀದಿಸುವಾಗಲೇ ಎಲ್ಲ ದೋಣಿಗಳಿಗೂ ಒಂದೇ ಅಳತೆಯ ಅಚ್ಚು, ಬೇರಿಂಗು ಮತ್ತು ಬೋಲ್ಟುಗಳನ್ನು ಕೇಳಿ ಪಡೆಯುವುದು ಮಾಲೀಕನಿಗೂ ತಯಾರಕನಿಗೂ ಲಾಭಕರ.

ದಿನವೂ ಬೆಳಿಗ್ಗೆ ಪೆಡಲು, ಚುಕ್ಕಾಣಿ, ಸೋರಿಕೆಗಳ ತಪಾಸಣೆ. ವಾರಕ್ಕೊಮ್ಮೆ ಗ್ರೀಸು ಮತ್ತು ಬೋಲ್ಟುಗಳ ಬಿಗಿತ. ತಿಂಗಳಿಗೊಮ್ಮೆ ಚೈನಿನ ಅಳತೆ ಹಾಗೂ ಜೀವರಕ್ಷಕ ಕವಚಗಳ ಹೊಲಿಗೆ, ಪಟ್ಟಿಗಳ ಪರೀಕ್ಷೆ. ಮಳೆಗಾಲದಲ್ಲಿ ದೋಣಿಗಳನ್ನು ಮೇಲೆತ್ತಿ ಸಂಪೂರ್ಣ ದುರಸ್ತಿ. ಇವಿಷ್ಟನ್ನು ಒಂದು ವಹಿಯಲ್ಲಿ ದಿನಾಂಕದೊಡನೆ ದಾಖಲಿಸುತ್ತ ಬಂದಲ್ಲಿ ಯಾವ ದೋಣಿ ಯಾವಾಗ ಕೈಕೊಡಬಹುದೆಂಬುದು ಮುಂಚಿತವಾಗಿಯೇ ತಿಳಿಯುತ್ತದೆ. ವಿಮೆಯ ಹಾಗೂ ಗುತ್ತಿಗೆಯ ಪ್ರಶ್ನೆ ಬಂದಾಗಲೂ ಮಾಲೀಕನ ಪರವಾಗಿ ಮಾತನಾಡುವುದು ಈ ವಹಿಯೇ.